ಕಣ್ಣಿನ ಗಾಯ ಮಾಯುವ ಬಗೆ: ನಂಬಿಕೆ ಮತ್ತು ಸತ್ಯ

ಹೊನ್ನಾವರ, ಕುಮಟಾ, ಭಟ್ಕಳದ ಸೀಮೆಯಲ್ಲಿ ಭತ್ತದ ಗರಿ ತಾಗಿಯೋ, ಅಡಿಕೆಯ ಸೋಗೆ ಬಡಿದೋ, ಚಿರೆಕಲ್ಲು ಕಡಿಯುವಾಗ ಹಾರಿದ ಪುಡಿ ಬಿದ್ದೋ ಕಣ್ಣು ನೊಂದರೆ ಎದೆಹಾಲನ್ನೋ ನಂದಿಬಟ್ಟಲು ಹೂವಿನ ರಸವನ್ನೋ ಹಿಂಡಿ ಬಟ್ಟೆ ಕಟ್ಟುವುದುಂಟು. ಎರಡು ಮೂರು ದಿನಗಳಲ್ಲಿ ಕಣ್ಣು ಸರಿಹೋಗುವುದರಿಂದ ಶ್ರೇಯಸ್ಸೆಲ್ಲ ಆ ಮದ್ದಿಗೆ ಸಲ್ಲುತ್ತದೆ. ಏನನ್ನೂ ಹಾಕದಿದ್ದರೂ ಮೇಲ್ಪದರದ ಗಾಯ ಅಷ್ಟೇ ದಿನಗಳಲ್ಲಿ ಮಾಯುತ್ತಿತ್ತು ಎಂಬುದು ಯಾರ ಗಮನಕ್ಕೂ ಬರುವುದಿಲ್ಲ.

ಕಣ್ಣಿನ ಕಪ್ಪು ಭಾಗದ ಮೇಲೆ ಗಡಿಯಾರದ ಗಾಜಿನಂತೆ ಕುಳಿತಿರುವ ಪಾರದರ್ಶಕ ಪಟಲವೇ ಕಾರ್ನಿಯಾ. ನಡುವೆ ಸುಮಾರು ಅರ್ಧ ಮಿಲಿಮೀಟರ್ ದಪ್ಪವಿರುವ ಇದರಲ್ಲಿ ರಕ್ತನಾಳಗಳಿಲ್ಲ. ಆಮ್ಲಜನಕವನ್ನು ಇದು ಕಣ್ಣೀರಿನ ಮೂಲಕ ಗಾಳಿಯಿಂದಲೇ ಪಡೆಯುತ್ತದೆ. ಎಪಿಥೀಲಿಯಂ ಎಂಬ ಇದರ ಹೊರಪದರದಲ್ಲಿರುವುದು ಐದಾರು ಸಾಲು ಜೀವಕೋಶಗಳು ಮಾತ್ರ. ಈ ಪದರ ತರಚಿದಾಗ ಅಂಚಿನ ಕೋಶಗಳು ಕೆಲವೇ ಗಂಟೆಗಳಲ್ಲಿ ಚಪ್ಪಟೆಯಾಗಿ, ಬರಿದಾದ ಜಾಗದ ಮೇಲೆ ಜಾರಿ ಅದನ್ನು ಮುಚ್ಚುತ್ತವೆ. ಆಮೇಲಷ್ಟೇ ಅವು ವಿಭಜನೆಗೊಂಡು ಪದರವನ್ನು ಮೊದಲಿನ ದಪ್ಪಕ್ಕೆ ತರುತ್ತವೆ. ಹೊಸ ಕೋಶಗಳ ಮೂಲವಿರುವುದು ಕರಿಗುಡ್ಡೆಯೂ ಬಿಳಿಗುಡ್ಡೆಯೂ ಕೂಡುವ ಲಿಂಬಸ್ ಎಂಬ ಅಂಚಿನಲ್ಲಿ, ಅಲ್ಲಿಯ ಕಾಂಡಕೋಶಗಳಲ್ಲಿ. ಅಂಚಿನಿಂದ ನಡುವಿನ ಕಡೆಗೆ ಸಾಗುವ ಕೋಶಗಳೂ ತಳದಿಂದ ಮೇಲೇರುವ ಕೋಶಗಳೂ ಸೇರಿ ಉದುರಿಹೋದವುಗಳ ಸ್ಥಾನವನ್ನು ತುಂಬುತ್ತವೆ ಎಂಬ ಲೆಕ್ಕವನ್ನು ಥಾಫ್ಟ್ ಮತ್ತು ಫ್ರೆಂಡ್ ಎಂಬ ವಿಜ್ಞಾನಿಗಳು 1983ರಲ್ಲಿ ಮುಂದಿಟ್ಟರು.

ನೋವು ನಿಂತರೆ ಗಾಯ ಪೂರ್ತಿ ಮಾಯಿತು ಎಂಬ ಎಣಿಕೆಯೂ ಸರಿಯಲ್ಲ. ಮುಚ್ಚಿಕೊಂಡ ಪದರ ಕೆಳಗಿನ ಪೊರೆಗೆ ಬಿಗಿಯಾಗಿ ಅಂಟಿಕೊಳ್ಳಲು ವಾರಗಳೇ ಬೇಕಾಗುವುದರಿಂದ, ಉಗುರು ಅಥವಾ ಎಲೆಯ ಅಂಚು ಗೀರಿದ ಕೆಲವರಲ್ಲಿ ಬಹುದಿನಗಳ ಮೇಲೆ, ಬೆಳಗ್ಗೆ ರೆಪ್ಪೆ ತೆರೆಯುವಾಗ ಪದರ ಮತ್ತೆ ಕಿತ್ತುಬರುತ್ತದೆ. ಬಟ್ಟೆ ಕಟ್ಟಿದರೆ ಬೇಗ ಮಾಯುತ್ತದೆ ಎಂಬುದಕ್ಕೂ ಆಧಾರವಿಲ್ಲ. ಸಣ್ಣ ತರಚುಗಾಯಗಳಲ್ಲಿ ಪಟ್ಟಿಯಿಂದ ಲಾಭವಿಲ್ಲವೆಂದು ಹಲವು ಅಧ್ಯಯನಗಳು ತೋರಿಸಿವೆ. ನೋವು ತಡೆಯಲೆಂದು ಮರಗಟ್ಟಿಸುವ ಹನಿಯನ್ನು ಪದೇಪದೇ ಹಾಕಿಕೊಂಡರಂತೂ ಕೋಶಗಳ ಚಲನೆಯೇ ಕುಂದುತ್ತದೆ.

ಮನೆಮದ್ದಿನ ನಿಜವಾದ ಅಪಾಯ ಬೇರೆಯೇ ಇದೆ. ಎದೆಹಾಲು ಶಿಶುವಿಗೆ ಅಮೃತವೇ ಆದರೂ ಅದು ಕ್ರಿಮಿರಹಿತವಲ್ಲ. ಹೂವಿನ ರಸವೂ ಅಲ್ಲ. ಹೊರಪದರ ಹರಿದಿರುವಾಗ ಸೂಕ್ಷ್ಮಜೀವಿಗಳಿಗೆ ತಡೆಯಿರುವುದಿಲ್ಲ, ಭತ್ತ ಅಥವಾ ಸೋಗೆಯಂಥ ಸಸ್ಯವಸ್ತು ತಾಗಿದ್ದರೆ ಫ್ಯುಸೇರಿಯಂ, ಆಸ್ಪರ್ಜಿಲಸ್ ಮೊದಲಾದ ಶಿಲೀಂಧ್ರಗಳೂ ಒಳಸೇರಬಹುದು. ಶಿಲೀಂಧ್ರದಿಂದಾಗುವ ಹುಣ್ಣು ಮೊದಲ ದಿನಗಳಲ್ಲಿ ಮಂದಗತಿಯಲ್ಲಿ ಬೆಳೆಯುವುದರಿಂದ ಜನ ತಡಮಾಡುತ್ತಾರೆ, ಇಲ್ಲವೇ ಔಷಧಿ ಅಂಗಡಿಯಿಂದ ಸ್ಟೀರಾಯ್ಡ್ ಇರುವ ಹನಿಯನ್ನು ತಂದು ಹಾಕುತ್ತಾರೆ. ಅದು ಕೆಂಪನ್ನು ತಗ್ಗಿಸಿ, ಒಳಗೆ ಶಿಲೀಂಧ್ರವನ್ನು ಬೆಳೆಸುತ್ತದೆ. ಇಂಥ ಹುಣ್ಣಿಗೆ ಬೇಕಾದದ್ದು ನಟಮೈಸಿನ್‌ನಂಥ ಶಿಲೀಂಧ್ರನಾಶಕ ಹನಿ, ಅದೂ ವೈದ್ಯರು ಪರೀಕ್ಷಿಸಿದ ಮೇಲೆ.

ಕಣ್ಣಿಗೆ ಸುಣ್ಣ ಬಿದ್ದಾಗ ಮಾತ್ರ, ಗಾಯ ತಾನಾಗಿ ಮಾಯುತ್ತದೆ ಎಂಬ ಮೇಲಿನ ಸಮಾಧಾನ ಅನ್ವಯಿಸುವುದಿಲ್ಲ. ಎಲೆಯಡಿಕೆಯ ಸುಣ್ಣ ಪ್ರತಿ ಮನೆಯಲ್ಲಿದೆ; ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ ಮೈಲುತುತ್ತ 1 ಕಿಲೋ, ಸುಣ್ಣ 1 ಕಿಲೋ ಬೇಕು, ಆ ಸುಣ್ಣವನ್ನು ಅರಳಿಸುವಾಗಲೇ ಸಿಡಿಯುವ ಭಯ ಹೆಚ್ಚು. ಕ್ಷಾರವಾದ ಸುಣ್ಣ ಕೋಶಗಳ ಕೊಬ್ಬಿನ ಪೊರೆಯನ್ನು ಕರಗಿಸುತ್ತ ಒಳಗಿಳಿಯುತ್ತದೆ, ಲಿಂಬಸ್ಸಿನ ಕಾಂಡಕೋಶಗಳನ್ನು ಸುಟ್ಟರೆ ಹೊಸ ಪದರದ ಮೂಲವೇ ಬತ್ತಿ, ಕಾರ್ನಿಯಾದ ಮೇಲೆ ರಕ್ತನಾಳಗಳೂ ಮಸುಕೂ ಹಬ್ಬುತ್ತವೆ. ಆಳವಾಗಿ ಸುಟ್ಟಲ್ಲಿ ನರಗಳೂ ಸಾಯುವುದರಿಂದ ನೋವು ಕಡಿಮೆಯೆನಿಸಿ ಮೋಸವಾಗಬಹುದು. ತುಪ್ಪ, ಎಣ್ಣೆ, ನಿಂಬೆರಸ ಹುಡುಕುತ್ತ ಕೂರದೆ ಅಲ್ಲಿಯೇ ಸಿಕ್ಕ ಶುದ್ಧ ನೀರಿನಿಂದ ಕನಿಷ್ಠ ಅರ್ಧ ಗಂಟೆ ತೊಳೆದು, ಮೇಲ್ರೆಪ್ಪೆಯ ಒಳಗೆ ಅಡಗಿದ ಸುಣ್ಣದ ಚೂರುಗಳನ್ನು ವೈದ್ಯರಿಂದ ತೆಗೆಸಬೇಕು.

ಹೊರಪದರದ ಕೆಳಗಿರುವ ಬೋಮನ್ ಪದರ ಮತ್ತೆ ಹುಟ್ಟುವುದಿಲ್ಲ. ಅದಕ್ಕೂ ಒಳಗಿನ ಸ್ಟ್ರೋಮಾ ಮಾಯುವಾಗ ಕಲೆ ಉಳಿಯುತ್ತದೆ, ಹಳ್ಳಿಯಲ್ಲಿ ಇದನ್ನೇ ಕಣ್ಣಲ್ಲಿ ಹೂ ಬಿದ್ದಿದೆ ಎನ್ನುತ್ತಾರೆ. ಇಂಥವರಿಗೆ ದಾನಿಯ ಇಡೀ ಕಣ್ಣನ್ನು ಕೂರಿಸಲಾಗುತ್ತದೆ ಎಂಬುದು ಇನ್ನೊಂದು ತಪ್ಪು ಕಲ್ಪನೆ. ಕಸಿ ಮಾಡುವುದು ಕಾರ್ನಿಯಾವನ್ನು ಮಾತ್ರ, ಕೆಲವೊಮ್ಮೆ ಅದರ ಒಂದು ಪದರವನ್ನಷ್ಟೇ. 2021ರ ಅಕ್ಟೋಬರ್ 29ರಂದು ನಿಧನರಾದ ನಟ ಪುನೀತ್ ರಾಜ್‌ಕುಮಾರ್ ಅವರ ಎರಡು ಕಾರ್ನಿಯಾಗಳನ್ನು ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ಪದರಗಳಾಗಿ ಬೇರ್ಪಡಿಸಿ, ಮುಂಭಾಗವನ್ನು ಇಬ್ಬರಿಗೂ ಹಿಂಭಾಗವನ್ನು ಬೇರೆ ಇಬ್ಬರಿಗೂ ಕಸಿ ಮಾಡಲಾಯಿತು.