ಸೇನೆಯ ಸರಕಿಗೆ ಸೆನ್ಸರ್ ಕಾವಲು

ಪ್ರಶ್ನೆ: ಯುದ್ಧವಿಮಾನವೇ ತನಗೆ ಬೇಕಾದ ಬಿಡಿಭಾಗವನ್ನು ತಾನೇ ತರಿಸಿಕೊಳ್ಳುತ್ತದಂತೆ, ನಿಜವೇ?

ಉತ್ತರ: ಅರ್ಧ ನಿಜ. ಕಥೆ ಶುರುವಾಗುವುದು ವಿಮಾನದಿಂದಲ್ಲ, ಡಬ್ಬಿಗಳಿಂದ. 1991ರ ಕೊಲ್ಲಿ ಯುದ್ಧಕ್ಕೆ ಅಮೆರಿಕ ಸುಮಾರು 40,000 ಕಂಟೇನರ್‌ಗಳನ್ನು ಸಾಗಿಸಿತು. ಒಳಗೇನಿದೆ ಎಂದು ಹೊರಗಿನಿಂದ ತಿಳಿಯುವಂತಿರಲಿಲ್ಲ. ಅರ್ಧಕ್ಕಿಂತ ಹೆಚ್ಚನ್ನು ಮರಳುಗಾಡಿನಲ್ಲಿ ಬಾಗಿಲು ತೆರೆದೇ ನೋಡಬೇಕಾಯಿತು. ಕೇಳಿದ್ದು ಬಂದಿದೆಯೋ ಇಲ್ಲವೋ ಗೊತ್ತಾಗದೆ ಅದನ್ನೇ ಮತ್ತೆ ಮತ್ತೆ ತರಿಸಿದ್ದೂ ಉಂಟು. ಆಮೇಲೆ ಕಂಟೇನರ್‌ಗಳಿಗೆ ಬ್ಯಾಟರಿಯುಳ್ಳ ರೇಡಿಯೋ ಟ್ಯಾಗ್ ಬಂತು. ಬಂದರು, ಗೇಟುಗಳಲ್ಲಿರುವ ರೀಡರ್ ಅದನ್ನು ಓದಿ ಕಂಪ್ಯೂಟರಿಗೆ ಸುದ್ದಿ ಮುಟ್ಟಿಸುತ್ತದೆ.

ಎಫ್-35 ಯುದ್ಧವಿಮಾನದ್ದು ಮುಂದಿನ ಹೆಜ್ಜೆ. ಹಾರಾಟದಲ್ಲೇ ಸೆನ್ಸರ್‌ಗಳು ದೋಷ ಗುರುತಿಸುತ್ತವೆ, ಇಳಿದ ಮೇಲೆ ಆ ಮಾಹಿತಿ ‘ಆಲಿಸ್’ ಎಂಬ ತಂತ್ರಾಂಶಕ್ಕೆ ಹೋಗುತ್ತದೆ, ದುರಸ್ತಿ ಮತ್ತು ಬಿಡಿಭಾಗದ ಏರ್ಪಾಡು ಅದೇ ನೋಡಿಕೊಳ್ಳುತ್ತದೆ. ಇದು ಕಾಗದದ ಮೇಲಿನ ಮಾತು. ಬಿಡಿಭಾಗದ ಜೊತೆ ಬರಬೇಕಾದ ವಿದ್ಯುನ್ಮಾನ ದಾಖಲೆ ತಪ್ಪಿದ್ದರೆ, ಸರಿಯಾಗಿಯೇ ಇದ್ದ ವಿಮಾನವನ್ನೂ ಆಲಿಸ್ ಹಾರಲು ಬಿಡುತ್ತಿರಲಿಲ್ಲ! ತಂತ್ರಜ್ಞರು ಕೂತು ಕೈಯಾರೆ ಲೆಕ್ಕ ಸರಿಪಡಿಸಬೇಕಿತ್ತು. ಸೆನ್ಸರ್ ಎಷ್ಟೇ ಚುರುಕಾಗಿರಲಿ, ದಾಖಲೆ ಬರೆಯುವವನು ಎಡವಿದರೆ ಮುಗಿಯಿತು.

ಇನ್ನೊಂದು ತೊಡಕು ಕಂಟೇನರ್‌ಗಳ ಟ್ಯಾಗ್‌ನದ್ದು: ರೇಡಿಯೋ ಸಂಕೇತ ಹೊರಡಿಸುವ ಯಾವ ಉಪಕರಣವನ್ನಾದರೂ ಶತ್ರುವೂ ಆಲಿಸಬಲ್ಲ. ಹಾಗಾಗಿ ರಣರಂಗದ ಹತ್ತಿರ ಟ್ಯಾಗ್‌ಗಳ ಬಳಕೆಗೆ ಮಿತಿ ಬೇಕು.

ಇನ್ನು ಆಲಿಸ್ ವಿಷಯ: ಕೊನೆಗೆ 2020ರ ಜನವರಿಯಲ್ಲಿ, ಅದರ ಬದಲಿಗೆ ‘ಓಡಿನ್’ ಎಂಬ ಹೊಸ ವ್ಯವಸ್ಥೆ ತರುವುದಾಗಿ ಅಮೆರಿಕದ ರಕ್ಷಣಾ ಇಲಾಖೆ ಪ್ರಕಟಿಸಿತು.