ಕಡಲ್ಗಳ್ಳರ ‘ಆರ್‌ರ್’: ಹುಟ್ಟಿದ್ದು ಕಡಲಲ್ಲಲ್ಲ, ತೆರೆಯ ಮೇಲೆ!

‘ಕಡಲ್ಗಳ್ಳನಿಗೆ ಅತಿ ಪ್ರಿಯವಾದ ಇಂಗ್ಲಿಷ್ ಅಕ್ಷರ ಯಾವುದು?’

‘ಆರ್!’

‘ಅಲ್ಲ, ಸಿ! ಅವನ ಪ್ರಾಣವೆಲ್ಲ ಇರುವುದು ಅದರ ಮೇಲೆಯೇ!’

ಇಂಗ್ಲಿಷಿನಲ್ಲಿ ‘ಸೀ’ ಎಂಬ ಉಚ್ಚಾರ ಅಕ್ಷರವೂ ಹೌದು, ಕಡಲೂ ಹೌದು. ಒಂದೇ ಧ್ವನಿಗೆ ಎರಡು ಅರ್ಥ ಹೊಂದಿಸುವ ಇಂತಹ ಶ್ಲೇಷೆಯ ನಗೆಹನಿಗಳು ಇಂಗ್ಲಿಷ್ ಜಗತ್ತಿನಲ್ಲಿ ಹೇರಳವಾಗಿವೆ. ಅಮೆರಿಕದಲ್ಲಿ 1968ರಿಂದ ಚಲನಚಿತ್ರಗಳಿಗೆ ನೀಡಲಾಗುತ್ತಿರುವ ‘ಆರ್’ ಪ್ರಮಾಣಪತ್ರವೂ ಈ ಹಾಸ್ಯಕ್ಕೆ ವಸ್ತುವಾಗಿದೆ. ಕಡಲ್ಗಳ್ಳರ ಚಿತ್ರಕ್ಕೆ ಬೇರಾವ ಪ್ರಮಾಣಪತ್ರ ದೊರೆತೀತು?

ಹಾಗಾದರೆ ಕಡಲ್ಗಳ್ಳರು ನಿಜವಾಗಿಯೂ ‘ಆರ್‌ರ್’ ಎನ್ನುತ್ತಿದ್ದರೆ? ಈ ಧ್ವನಿಯ ಜಾಡು ಹಿಡಿದು ಹೊರಟರೆ ಸಿಗುವುದು ಹಡಗಲ್ಲ, ಒಬ್ಬ ನಟ. ರಾಬರ್ಟ್ ಲೂಯಿಸ್ ಸ್ಟೀವನ್‌ಸನ್ ಅವರ ‘ಟ್ರೆಷರ್ ಐಲೆಂಡ್’ ಕಾದಂಬರಿ 1883ರಲ್ಲಿ ಪುಸ್ತಕರೂಪ ಪಡೆಯಿತು. ಡಿಸ್ನಿ ಸಂಸ್ಥೆ 1950ರಲ್ಲಿ ಅದನ್ನು ತೆರೆಗೆ ತಂದಾಗ ಒಂಟಿಗಾಲಿನ ಲಾಂಗ್ ಜಾನ್ ಸಿಲ್ವರ್ ಪಾತ್ರ ವಹಿಸಿದವರು ರಾಬರ್ಟ್ ನ್ಯೂಟನ್. ಇಂಗ್ಲೆಂಡಿನ ಡಾರ್ಸೆಟ್‌ನಲ್ಲಿ ಹುಟ್ಟಿ, ಕಾರ್ನ್‌ವಾಲ್‌ನಲ್ಲಿ ಬೆಳೆದ ಅವರು ತಮ್ಮ ಸೀಮೆಯ ನುಡಿಯನ್ನೇ ಇನ್ನಷ್ಟು ಹಿಗ್ಗಿಸಿ ಆ ಪಾತ್ರಕ್ಕೆ ತೊಡಿಸಿದರು.

ಲಂಡನ್ನಿನ ಶಿಷ್ಟ ಇಂಗ್ಲಿಷಿನಲ್ಲಿ ‘ಕಾರ್’ ಎಂಬುದು ‘ಕಾ’ ಎಂದು ಕೇಳಿಸುತ್ತದೆ. ಕೊನೆಯ ರಕಾರ ನಾಲಗೆಯಲ್ಲೇ ಕರಗುತ್ತದೆ. ಇಂಗ್ಲೆಂಡಿನ ನೈಋತ್ಯ ಭಾಗದ ಹಳೆಯ ಆಡುನುಡಿಯಲ್ಲಿ ಮಾತ್ರ ಅದು ಒತ್ತಿ ಉರುಳುತ್ತದೆ. ನ್ಯೂಟನ್ 1952ರಲ್ಲಿ ‘ಬ್ಲ್ಯಾಕ್‌ಬಿಯರ್ಡ್’ ಆಗಿಯೂ, 1954ರಲ್ಲಿ ಮತ್ತೆ ಸಿಲ್ವರ್ ಆಗಿಯೂ ಕಾಣಿಸಿಕೊಂಡರು. ಅಲ್ಲಿಗೆ ಕಡಲ್ಗಳ್ಳನೆಂದರೆ ಹೀಗೇ ಮಾತನಾಡಬೇಕೆಂಬ ನಂಬಿಕೆ ಬೇರೂರಿತು.

ಇದು ಪೂರ್ತಿ ಬುಡವಿಲ್ಲದ ಕಲ್ಪನೆಯೂ ಅಲ್ಲ. ಬ್ರಿಸ್ಟಲ್, ಡೆವನ್, ಕಾರ್ನ್‌ವಾಲ್ ಕಡೆಯ ಅನೇಕರು ಅಂದು ನಾವಿಕರಾಗಿದ್ದರು. ಆದರೆ 1650ರಿಂದ 1730ರ ಆಸುಪಾಸಿನ ಕಡಲ್ಗಳ್ಳರ ಹಡಗುಗಳಲ್ಲಿ ಐರಿಷರು, ಫ್ರೆಂಚರು, ಡಚ್ಚರು, ಆಫ್ರಿಕನ್ನರೂ ಇದ್ದರು. ಅವರೆಲ್ಲರದು ಒಂದೇ ನುಡಿಯಾಗಿತ್ತೆನ್ನಲು ಆಧಾರವಿಲ್ಲ.

ನಗೆಗೆ ಹಬ್ಬದ ರೂಪ ಕೊಟ್ಟವರು ಅಮೆರಿಕದ ಒರೆಗಾನ್ ರಾಜ್ಯದ ಗೆಳೆಯರಾದ ಜಾನ್ ಬಾವರ್ ಮತ್ತು ಮಾರ್ಕ್ ಸಮ್ಮರ್ಸ್. 1995ರಲ್ಲಿ ಆಟದ ನಡುವೆ ತಮಾಷೆಗಾಗಿ ಕಡಲ್ಗಳ್ಳರಂತೆ ಕೂಗಾಡಿದ ಇವರು, ಸೆಪ್ಟೆಂಬರ್ 19ನ್ನು ‘ಕಡಲ್ಗಳ್ಳರಂತೆ ಮಾತನಾಡುವ ದಿನ’ವೆಂದು ಘೋಷಿಸಿಕೊಂಡರು. 2002ರಲ್ಲಿ ಹಾಸ್ಯ ಅಂಕಣಕಾರ ಡೇವ್ ಬ್ಯಾರಿ ಈ ಕುರಿತು ಬರೆದದ್ದೇ ತಡ, ಆಚರಣೆ ಹಲವು ದೇಶಗಳಿಗೆ ಹರಡಿತು.

ಕಡಲ್ಗಳ್ಳತನ ಮಾತ್ರ ಹಳೆಯ ಕಥೆಯಲ್ಲ. 2010ರಲ್ಲಿ ಸೊಮಾಲಿಯಾದ ಕಡಲ್ಗಳ್ಳರು ‘ಆಸ್ಫಾಲ್ಟ್ ವೆಂಚರ್’ ಹಡಗನ್ನು ಅಪಹರಿಸಿದರು. ಒತ್ತೆಹಣ ಪಡೆದ ಬಳಿಕವೂ ಏಳು ಭಾರತೀಯ ನಾವಿಕರನ್ನು ಬಿಡಲಿಲ್ಲ. ಅವರಿಗೆ ಬಿಡುಗಡೆ ದೊರೆತದ್ದು 2014ರಲ್ಲಿ. ಆ ನಾಲ್ಕು ವರ್ಷ ಅವರ ಮನೆಗಳಲ್ಲಿ ‘ಕಡಲ್ಗಳ್ಳ’ ಎಂಬ ಪದಕ್ಕೆ ಎರಡನೆಯ ಅರ್ಥವಿರಲಿಲ್ಲ.