ಬೆಕ್ಕುಗಳ ಸಹಬಾಳ್ವೆ

ಬೆಕ್ಕುಗಳ ಸಹಬಾಳ್ವೆ ಎಂದರೆ ಒಂದೇ ಮನೆಯಲ್ಲಿ ಸಾಕಿದ ಎರಡು ಅಥವಾ ಹೆಚ್ಚು ಬೆಕ್ಕುಗಳು ಕಾದಾಟವಿಲ್ಲದೆ ಬದುಕುವ ಸ್ಥಿತಿ. ಬೆಕ್ಕುಗಳ ನಡುವೆ ಸ್ನೇಹ ಬೆಳೆಯಲೇಬೇಕೆಂದಿಲ್ಲ. ಪೈಪೋಟಿಯ ಕಾರಣಗಳು ಇಲ್ಲವಾದರೆ ಅವು ಪರಸ್ಪರ ಸಹಿಸಿಕೊಂಡು ಬಾಳಬಲ್ಲವು.

ಕಲಹದ ಕಾರಣಗಳು

ಸಾಕುಬೆಕ್ಕು ಆಫ್ರಿಕಾದ ಕಾಡುಬೆಕ್ಕಿನ ಸಂತತಿಯಾಗಿದೆ. ಅದು ಒಂಟಿಯಾಗಿ ಬೇಟೆಯಾಡುತ್ತದೆ ಮತ್ತು ಕೆನ್ನೆ, ಪಾದಗಳಲ್ಲಿರುವ ಗ್ರಂಥಿಗಳ ವಾಸನೆಯಿಂದ ತನ್ನ ನೆಲೆಯನ್ನು ಗುರುತಿಸಿಕೊಳ್ಳುತ್ತದೆ. ಆದ್ದರಿಂದ ಅಪರಿಚಿತ ವಾಸನೆಯ ಹೊಸ ಬೆಕ್ಕು ಅದಕ್ಕೆ ಅತಿಕ್ರಮಣಕಾರನಂತೆ ತೋರುತ್ತದೆ. ಪಶುವೈದ್ಯರ ಬಳಿ ಹೋಗಿ ಮರಳಿದ ಹಳೆಯ ಸಂಗಾತಿಯ ಮೇಲೂ ಇದೇ ಕಾರಣಕ್ಕೆ ಕೆಲವೊಮ್ಮೆ ಎರಗುವುದುಂಟು.

ಎಲ್ಲ ಕಲಹವೂ ಸದ್ದು ಮಾಡುವುದಿಲ್ಲ. ದಿಟ್ಟಿಸಿ ನೋಡುವುದು, ಬಾಗಿಲಲ್ಲಿ ಅಡ್ಡ ಕೂರುವುದು, ಇನ್ನೊಂದನ್ನು ಊಟದಿಂದ ದೂರವಿಡುವುದು ಇವೂ ಅದರ ಲಕ್ಷಣಗಳೇ. ಗೋಡೆಗೆ ಮೂತ್ರ ಸಿಂಪಡಿಸುವುದೂ ಒತ್ತಡದ ಸೂಚನೆಯಾಗಿರಬಹುದು.

ಪರಿಚಯಿಸುವ ಕ್ರಮ

ಹೊಸ ಬೆಕ್ಕನ್ನು ಮೊದಲು ಪ್ರತ್ಯೇಕ ಕೋಣೆಯಲ್ಲಿ ಇರಿಸಬೇಕು. ಒಂದರ ಮೈ ಒರೆಸಿದ ಬಟ್ಟೆಯನ್ನು ಇನ್ನೊಂದರ ಬಳಿ ಇಟ್ಟು ವಾಸನೆಯ ಪರಿಚಯ ಮಾಡಿಸಲಾಗುತ್ತದೆ. ನಂತರ ಮುಚ್ಚಿದ ಬಾಗಿಲಿನ ಎರಡೂ ಕಡೆ ಊಟವಿಟ್ಟು, ಕೊನೆಯಲ್ಲಿ ಸ್ವಲ್ಪ ಹೊತ್ತು ಮುಖಾಮುಖಿ ಬಿಡಲಾಗುತ್ತದೆ. ಇದಕ್ಕೆ ಹಲವು ವಾರಗಳು ಬೇಕಾಗಬಹುದು. ಗದರಿಸಿದರೆ ಅಥವಾ ಹೊಡೆದರೆ ಭಯ ಹೆಚ್ಚುತ್ತದೆ. ಕಾದಾಡುವ ಬೆಕ್ಕುಗಳ ನಡುವೆ ಬರಿಗೈ ಹಾಕದೆ, ರಟ್ಟು ಅಥವಾ ದಿಂಬನ್ನು ಅಡ್ಡ ಹಿಡಿಯುವುದು ಸುರಕ್ಷಿತ.

ಮನೆಯ ವ್ಯವಸ್ಥೆ

ಊಟ ಮತ್ತು ನೀರಿನ ಬಟ್ಟಲುಗಳು ಬೇರೆ ಬೇರೆ ಸ್ಥಳಗಳಲ್ಲಿರಬೇಕು. ಮಲವಿಸರ್ಜನೆಯ ತಟ್ಟೆಗಳು ಬೆಕ್ಕುಗಳ ಸಂಖ್ಯೆಗಿಂತ ಒಂದು ಹೆಚ್ಚಿರುವುದು ಉತ್ತಮ. ಎರಡು ಬೆಕ್ಕುಗಳಿಗೆ 3 ತಟ್ಟೆಗಳು. ಅಟ್ಟ, ಕಪಾಟಿನಂತಹ ಎತ್ತರದ ಜಾಗಗಳು ಅಂಜುವ ಬೆಕ್ಕಿಗೆ ಆಸರೆಯಾಗುತ್ತವೆ. ಸಂತಾನಹರಣ ಶಸ್ತ್ರಚಿಕಿತ್ಸೆಯಿಂದ ಗಂಡುಬೆಕ್ಕುಗಳ ಕಾದಾಟ, ಅಲೆದಾಟ ಮತ್ತು ಮೂತ್ರ ಸಿಂಪಡಿಕೆ ಗಣನೀಯವಾಗಿ ತಗ್ಗುತ್ತವೆ.

ಗಜೇಂದ್ರಗಡದ ಸಂದರ್ಭ

ಗದಗ ಜಿಲ್ಲೆಯ ಗಜೇಂದ್ರಗಡ ಕೈಮಗ್ಗದ ನೇಕಾರಿಕೆಗೆ ಹೆಸರಾದ ಪಟ್ಟಣ. ಮಗ್ಗವಿರುವ ಕೋಣೆಯಲ್ಲಿ ಹೊಸ ಬೆಕ್ಕನ್ನು ಕೂಡಿಹಾಕುವುದು ಸರಿಯಲ್ಲ. ನುಂಗಿದ ನೂಲು ಕರುಳಿನಲ್ಲಿ ಸಿಕ್ಕಿಕೊಂಡರೆ ಪ್ರಾಣಾಪಾಯ ಉಂಟಾಗುತ್ತದೆ. ಒಂದಕ್ಕೊಂದು ತಾಗಿಕೊಂಡಿರುವ ಮನೆಗಳಲ್ಲಿ ನೆರೆಯ ಗಂಡುಬೆಕ್ಕು ಮಾಳಿಗೆಯ ಮೇಲಿಂದ ಬರಬಹುದು. ಅದನ್ನು ಕಂಡು ಕೆರಳಿದ ಮನೆಯ ಬೆಕ್ಕು ತನ್ನ ಪಕ್ಕದಲ್ಲಿರುವ ಸಂಗಾತಿಯ ಮೇಲೆಯೇ ಎರಗುತ್ತದೆ. ಇಂತಹ ಸಂದರ್ಭದಲ್ಲಿ ಕಿಟಕಿ, ಬೆಳಕಿಂಡಿಗಳಿಗೆ ಜಾಲರಿ ಹಾಕಿ ಹೊರಗಿನ ಬೆಕ್ಕನ್ನು ತಡೆಯುವುದು ಮೊದಲ ಪರಿಹಾರ.

ವೈದ್ಯಕೀಯ ಎಚ್ಚರಿಕೆ

ಶಾಂತ ಬೆಕ್ಕು ಹಠಾತ್ತನೆ ಆಕ್ರಮಣಕಾರಿಯಾದರೆ ನೋವು ಅಥವಾ ರೋಗ ಕಾರಣವಿರಬಹುದು. ಗಂಡುಬೆಕ್ಕು ಮೂತ್ರ ಬಾರದೆ ತಿಣುಕುತ್ತಿದ್ದರೆ ಕೂಡಲೇ ಪಶುವೈದ್ಯರಿಗೆ ತೋರಿಸಬೇಕು. ಬೆಕ್ಕುಗಳಿಗೆ ರೇಬೀಸ್ ಲಸಿಕೆ ಹಾಕಿಸುವುದು ಅವಶ್ಯಕ. ಮನುಷ್ಯರಿಗೆ ಬೆಕ್ಕು ಕಚ್ಚಿದರೆ ಗಾಯವನ್ನು ಸಾಬೂನು ಮತ್ತು ಹರಿಯುವ ನೀರಿನಿಂದ 15 ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು.